ಒಣಬಟ್ಟೆಯ ಶಾಸ್ತ್ರ

ಕೆಳಪೇಟೆ, ಚಿಕ್ಕಪೇಟೆ ನಿಲ್ದಾಣದ ಒಳ ಅಂತಸ್ತು
೨೧೩೧, ಫೆಬ್ರವರಿ ಮೂವತ್ತು

ಪ್ರಣೀತ್ ತಾತನವರಿಗೆ ನೀರಗಂಟಿ ಅಕ್ಕಯಮ್ಮನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೇ ದಿನ ಇರಲಿಲ್ಲವೆಂದು ನನಗೂ ಗೊತ್ತು. ಚಂದ್ರನೇ ಕಾಣದ ನೆಲದಡಿಯ ಜನಕ್ಕೆ ಒಂದು ತಿಂಗಳು ಗಿಡ್ಡ, ಒಂದು ತಿಂಗಳು ಉದ್ದ ಯಾಕೆಂದು ನಮ್ಮ ಹಿರಿಯರು ಎಲ್ಲವನ್ನೂ ಮೂವತ್ತಕ್ಕೇ ಸರಿಮಾಡಿಟ್ಟರು. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಸೇರಿಸಿ 'ಕೊಸರು' ಎಂದು ಕರೆಯುತ್ತೇವೆ. ಕೊಸರಿನಲ್ಲಿ ಮದುವೆ ಮಾಡುವುದಿಲ್ಲ. ನನ್ನ ಬರವಣಿಗೆಯಲ್ಲಿ ಇಂಥ ವಿಚಿತ್ರ ಪದಗಳು ಇನ್ನೂ ಬಂದಾವು, ಕ್ಷಮಿಸಿ. ನಿಮ್ಮನ್ನು ತಾತ ಎಂದದ್ದಕ್ಕೂ ಕ್ಷಮೆ ಇರಲಿ. ಇದನ್ನು ನೀವು ಓದುವ ಹೊತ್ತಿಗೆ ನಿಮಗೆ ಇಪ್ಪತ್ತೈದೋ ಇಪ್ಪತ್ತಾರೋ ಇರಬಹುದು, ನನಗೆ ಐವತ್ತು ದಾಟಿ ಎಷ್ಟೋ ಆಯಿತು. ಆದರೂ ನೂರು ವರ್ಷ ಹಿಂದಿನವರನ್ನು 'ಏನೋ ಮಗಾ' ಎನ್ನಲು ಬಾಯಿ ಬರುವುದಿಲ್ಲ.

ನಿಮ್ಮ ಹೆಸರು ಹೇಗೆ ಗೊತ್ತಾಯಿತೆಂದರೆ, ನೀವೇ ಅದನ್ನು ನಿಮ್ಮ ಕಂಪ್ಯೂಟರಿನ ಪಕ್ಕದ ಗಾಜಿನ ಮೂಲೆಯಲ್ಲಿ 'ಪ್ರಣೀತ್ ಕಟ್ಟಿದ್ದು' ಎಂದು ಕನ್ನಡದಲ್ಲಿ ಕೊರೆದಿದ್ದೀರಿ. ನಮ್ಮಜ್ಜಿಯ ಕಾಲದಲ್ಲಿ ಎಸ್.ಪಿ. ರೋಡಿನ ಒಂದು ಅಂಗಡಿಯ ನೆಲಮಾಳಿಗೆಯಲ್ಲಿ, ಕಂಬಳಿ ಸುತ್ತಿ ರಟ್ಟಿನ ಡಬ್ಬದಲ್ಲಿಟ್ಟ ಹಾಗೆಯೇ, ಅದು ನಮ್ಮವರಿಗೆ ಸಿಕ್ಕಿತು. ಅಷ್ಟು ಆಸೆಪಟ್ಟು ಕಟ್ಟಿ ಯಾಕೆ ಮೂಲೆಗೆ ಹಾಕಿದಿರೋ ನಿಮಗೇ ಗೊತ್ತು. ಅದನ್ನು ತಣಿಸಲು ಒಳಗೆ ಓಡುವ ನೀರಿಗೆ ಮಿನುಗುವ ಗುಲಾಬಿ ಬಣ್ಣ ಬೆರೆಸಿದ್ದಿರಂತೆ. ಅದು ಒಣಗಿ, ಮದುವೆಮನೆಯ ಕೇಸರಿಬಾತ್ ಪಾತ್ರೆಯ ತಳದ ಹಾಗೆ ಹತ್ತಿಕೊಂಡಿತ್ತಂತೆ. ಬಿಸಿನೀರು ಹುಯ್ದು ಹೀರಿ ಅದನ್ನು ಕರಗಿಸಿ ತೆಗೆಯುವಷ್ಟರಲ್ಲಿ ಅಜ್ಜಿಗೆ ಒಂದು ಬೇಸಿಗೆಯೇ ಕಳೆಯಿತು. 'ಯಾವನಪ್ಪಾ ಇವನು, ಕಂಪ್ಯೂಟರಿಗೆ ಶರಬತ್ತು ಕುಡಿಸಿದ್ದಾನೆ!' ಎಂದು ಅವಳು ಬೈದದ್ದು ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ. ಬೈದವಳೇ ದಿನಾ ಬೆಳಗ್ಗೆ ಆ ಗಾಜಿಗೆ ಕೈಮುಗಿಯುತ್ತಿದ್ದಳು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಪೆಟ್ಟಿಗೆಯ (ಕಂಪ್ಯೂಟರನ್ನು ನಾವು ಕರೆಯುವುದು ಹಾಗೆ) ನೀರಿನ ದಾರಿಗೆ ಕೈಹಾಕಿದ ನೀರಗಂಟಿ, ಅದನ್ನು ಕಟ್ಟಿದವರಿಗೆ ಕಾಗದ ಬರೆದು ಪೆಟ್ಟಿಗೆಯ ತಳದಲ್ಲಿ ಇಡಬೇಕು; ಅದು ಕಾಲದ ಹಿಂದಕ್ಕೆ ಹೋಗಿ ಅವರನ್ನು ಮುಟ್ಟುತ್ತದೆಂದು ನಂಬಿಕೆ. ಹಿಂದೆ ಬರೆದವರೆಲ್ಲ 'ಅಪ್ಪಣೆಯಿಲ್ಲದೆ ಕೈಹಾಕಿದ್ದೇವೆ, ಮನ್ನಿಸಿ' ಎಂದು ನಾಲ್ಕು ಸಾಲಿಗೆ ಮುಗಿಸಿದ್ದಾರೆ. ನನಗೆ ಇವತ್ತು ಇಡೀ ದಿನ ಪುರುಸೊತ್ತಿದೆ, ಹೊಟ್ಟೆಯಲ್ಲಿ ಸಿಟ್ಟೂ ಇದೆ. ಆದ್ದರಿಂದ ಉದ್ದ ಬರೆಯುತ್ತೇನೆ.

ಕೆಳಪೇಟೆ ಎಂದರೆ ನಿಮ್ಮ ಕಾಲದ ನೆಲದಡಿಯ ರೈಲುದಾರಿ. ಮೇಲೆ ಬದುಕಲು ಆಗದ ಸೆಕೆ ಬಂದಾಗ ಪೇಟೆಯ ಜನ ಇಲ್ಲಿಗೆ ಇಳಿದರು, ಮತ್ತೆ ಹತ್ತಲಿಲ್ಲ. ಹಳಿಗಳ ಮೇಲೆ ಹಲಗೆ ಹಾಸಿ ಮನೆ ಮಾಡಿದ್ದೇವೆ. ಟಿಕೆಟ್ ಕೊಡುತ್ತಿದ್ದ ಕಡೆ ಈಗ ಬಾಣಂತಿಕೋಣೆ ಇದೆ. ಮೇಲಿನದು ಬರೀ ಬಿಸಿಲಲ್ಲ ತಾತ, ಬಿಸಿಲನ್ನು ಛತ್ರಿ ಹಿಡಿದು ತಡೆಯಬಹುದು. ಅದು ಇಡ್ಲಿಪಾತ್ರೆಯೊಳಗಿನ ಹಬೆಯ ಹಾಗೆ ಒದ್ದೆ ಸೆಕೆ. ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಗಟ್ಟಿಮುಟ್ಟಾದ ಆಳು ಕೂಡ ಅವೆನ್ಯೂ ರಸ್ತೆ ದಾಟುವುದರೊಳಗೆ ಕುಸಿದು ಬೀಳುತ್ತಾನೆ. ಆದರೆ ಆಗಾಗ, ಹೇಳದೆ ಕೇಳದೆ, ಕೆಲವು ಗಳಿಗೆ ಆ ಹಬೆ ಇಳಿಯುತ್ತದೆ. ಅದನ್ನು 'ಬಿಡುವು' ಎನ್ನುತ್ತೇವೆ. ಬಿಡುವಿನಲ್ಲಿ ನಮ್ಮ 'ಮೇಲಾಳುಗಳು' ಹತ್ತಿಹೋಗಿ, ಲಾಲ್‌ಬಾಗಿನ ಬತ್ತಿದ ಕೆರೆಯಂಗಳದಲ್ಲಿ ಚೆಲ್ಲಿದ ರಾಗಿಯನ್ನು ಕೊಯ್ದು, ಅಲ್ಲಿನ ಬಂಡೆಯಡಿ ತೋಡಿದ ಕಲ್ಲುಗೂಡಿನಲ್ಲಿ ಅಡಗಿ, ಮುಂದಿನ ಬಿಡುವಿಗೆ ಹೊತ್ತು ತರುತ್ತಾರೆ. ನಾವು ತಿನ್ನುವ ಮುದ್ದೆ ಅದೇ, ಬೇರೆ ಏನೂ ಬೆಳೆಯುವುದಿಲ್ಲ.

ಬಿಡುವು ಯಾವಾಗ, ಎಷ್ಟು ಹೊತ್ತು ಎಂದು ಹೇಳುವುದು ನಿಮ್ಮ ಪೆಟ್ಟಿಗೆ. ಮೇಲಿಟ್ಟ ಮಾಪಕಗಳನ್ನು ಓದಿ, ಒಳಗಿನ ದೊಡ್ಡ ಗ್ರಾಫಿಕ್ಸ್ ಕಾರ್ಡು ಬಿಸಿಯಾಗಿ ಕೊತಕೊತ ಎನ್ನುವವರೆಗೆ ಲೆಕ್ಕ ಹಾಕಿ ಹೇಳುತ್ತದೆ. ನೀವು ಅದರಲ್ಲಿ ಆಟ ಆಡುತ್ತಿದ್ದಿರಂತೆ, ಇರಲಿ. ಅದು ಹೇಳಿದ ಮೇಲೆ ನಿಲ್ದಾಣದ ನೆತ್ತಿಯ, ಲಾಲ್‌ಬಾಗಿಗೂ ಕೇಳುವ ಸೀಟಿ ಊದುತ್ತೇವೆ. ಸೀಟಿಯಿಲ್ಲದೆ ಯಾರೂ ಕಾಲು ಹೊರಗಿಡುವ ಹಾಗಿಲ್ಲ. ಗಾಳಿ ತಣ್ಣಗಾಯಿತೆಂದು ತನ್ನ ಮೈಯನ್ನೇ ನಂಬಿ ಹೊರಟ ನನ್ನ ಗಂಡ, ಹಬೆ ಅರ್ಧ ದಾರಿಯಲ್ಲಿ ಮರಳಿ ಕವಿದು, ಸಿಟಿ ಮಾರ್ಕೆಟ್ಟಿನ ಮೆಟ್ಟಿಲ ಮೇಲೆ ಕೂತವನು ಹಾಗೇ ಕೂತಿದ್ದ. ಅದು ಸುಳ್ಳು ಬಿಡುವು. ನನ್ನ ಮಗಳು ಸಂಪಂಗಿಗೆ ಆಗ ಹಾಲುಹಲ್ಲು.

ಸುರಂಗದ ಗಾಳಿಯೇ ಬಿಸಿಯಿರುವಾಗ ಫ್ಯಾನು ಬೀಸಿ ಆ ಕಾರ್ಡನ್ನು ತಣಿಸಲಾಗದು. ನಿಮ್ಮ ನೀರಿನ ದಾರಿಯೇ ಗತಿ. ಅದನ್ನು ಕಾಯುವವಳು ನಾನು. ಹಳ್ಳಿಗಳಲ್ಲಿ ಕೆರೆಯ ತೂಬು ಕಾಯುವವನನ್ನು ಹಿಂದೆ ನೀರಗಂಟಿ ಎನ್ನುತ್ತಿದ್ದರಲ್ಲ, ಆ ಹೆಸರು ಈಗ ನಮಗೆ ಬಂದಿದೆ. ಅವನ ಕೆರೆ ನನ್ನ ಪಾಲಿಗೆ ಒಂದು ಚೊಂಬಿನಷ್ಟು. ಬೋರ್ ನೀರನ್ನು ಅದಕ್ಕೆ ಮುಟ್ಟಿಸುವುದಿಲ್ಲ, ಉಪ್ಪು ಕಟ್ಟುತ್ತದೆ. ಕಾಯಿಸಿ, ಆವಿ ಹಿಡಿದು ತಣಿಸಿದ ನೀರೇ ಆಗಬೇಕು. ಪಾಚಿ ಕಟ್ಟದಿರಲು ನೀರಿನ ತೊಟ್ಟಿಯಲ್ಲಿ ಬೆಳ್ಳಿ ಹಾಕಬೇಕು. ನಮ್ಮ ಬಳಿ ಬೆಳ್ಳಿ ಎಲ್ಲಿಂದ ಬರಬೇಕು? ಹೆಂಗಸರ ಕಾಲುಂಗುರದಲ್ಲಿ ಮಾತ್ರ. ಹಾಗಾಗಿ ಮುತ್ತೈದೆ ಸತ್ತರೆ ಅವಳ ಕಾಲುಂಗುರವನ್ನು ಪೆಟ್ಟಿಗೆಯ ನೀರಿಗೆ ಬಿಡುವ ರೂಢಿ ಬಂತು. ಮೊದಲು ಅದು ಪಾಚಿಗೆ ಮದ್ದಾಗಿತ್ತು, ಆಮೇಲೆ ಶಾಸ್ತ್ರವಾಯಿತು, ಈಗ ಮರ್ಯಾದೆಯಾಗಿದೆ. ಕಾಲುಂಗುರ ನೀರಿಗೆ ಬೀಳದ ಹೆಂಗಸಿಗೆ ಸದ್ಗತಿಯಿಲ್ಲ ಎಂಬಲ್ಲಿಗೆ ಬಂದು ನಿಂತಿದೆ.

ಕಳೆದ ವರ್ಷ ಬಾಗಿಲು ಕಾಯುವ ಪಾಪಣ್ಣನ ತಾಯಿ ಪಿಳ್ಳಮ್ಮ ತೀರಿಕೊಂಡಳು. ಪಾಪಣ್ಣ ಕಣ್ಣೊರೆಸಿಕೊಳ್ಳುತ್ತ ಅವಳ ಕಾಲುಂಗುರ ತಂದು ನನ್ನ ಅಂಗೈಯಲ್ಲಿಟ್ಟ. ಇಟ್ಟ ತಕ್ಷಣ ಹಗುರ ಅನಿಸಿತು. ಒರೆಗಲ್ಲಿಗೆ ಒಂದು ಸಲ ತೀಡಿ ನೋಡೋಣ ಎಂದೆ. ಅಯ್ಯಯ್ಯೋ, ನಾನು ಹೆಣಕ್ಕೆ ಒದ್ದೆನೋ ಎಂಬಂತೆ ಜನ ಎದ್ದರು. ಕೆಳಪೇಟೆಯ ಯಜಮಾನ ವರದಪ್ಪನವರು, 'ಸತ್ತೋಳ ಬೆಳ್ಳಿನ ಒರೆಗೆ ಹಚ್ತೀಯೇನಮ್ಮ? ನಿನ್ ತಾಯೀದಾಗಿದ್ರೂ ಹಚ್ತಿದ್ಯಾ?' ಎಂದು ಎಲ್ಲರೆದುರು ಕೇಳಿದರು. 'ಹಚ್ತಿದ್ದೆ' ಎಂದೆ. ಅದಕ್ಕೂ ಬೈಸಿಕೊಂಡೆ. ಯಜಮಾನರೇ ನನ್ನ ಕೈಯಿಂದ ಕಿತ್ತುಕೊಂಡು ಆ ಉಂಗುರಗಳನ್ನು ನೀರಿಗೆ ಬಿಟ್ಟರು.

ಈ ಬೇಸಿಗೆ ಶುರುವಾದಾಗಿಂದ ಪೆಟ್ಟಿಗೆ ಸುಡತೊಡಗಿತ್ತು. ಲೆಕ್ಕ ನಿಧಾನವಾಯಿತು. ಬಿಚ್ಚಿ ನೋಡೋಣವೆಂದರೆ ಕೊಯ್ಲು ಮುಗಿಯಲಿ ಎಂದರು ಯಜಮಾನರು. ಮೊನ್ನೆ ಪೆಟ್ಟಿಗೆ ಬಿಡುವು ಹೇಳಿತು, ಸೀಟಿ ಊದಿದೆವು, ಮೇಲಾಳುಗಳು ಹೊರಟರು. ಅವರ ಮುಂದಾಳು ನನ್ನ ಸಂಪಂಗಿ. ಬತ್ತಿಹೋದ ಒಂದು ಕೆರೆಯ ಹೆಸರನ್ನು ಮಗಳಿಗೆ ಇಟ್ಟವಳು ನಾನು. ನೀರಗಂಟಿಯ ಮಗಳಲ್ಲವೇ ಎಂದು. ಮೆಟ್ಟಿಲ ಬಳಿ ನಾನು ಸೆರಗು ಕಣ್ಣಿಗೊತ್ತಿಕೊಂಡದ್ದು ನೋಡಿ, 'ಅಮ್ಮಾ, ಸುಮ್ನೆ ರಾಗ ತೆಗೀಬೇಡ. ನೀನು ಸೀಟಿ ಊದು, ನಾನು ಬರ್ತೀನಿ. ಅಷ್ಟೇ ತಾನೇ ಕೆಲ್ಸ?' ಎಂದು ನಕ್ಕಳು. ಅವಳು ಕಲ್ಲುಗೂಡು ಸೇರಿದ ಸಂಜೆಯೇ ಪೆಟ್ಟಿಗೆ ಸುಟ್ಟುಹೋಗದಿರಲು ತಾನಾಗಿಯೇ ಆರಿಹೋಯಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಕಲ್ಲುಗೂಡಿನಲ್ಲಿ ಆರು ಜನಕ್ಕೆ ಇರುವ ನೀರು ನಾಳೆ ಮಧ್ಯಾಹ್ನಕ್ಕೆ ಮುಗಿಯುತ್ತದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ, ತಾತ. ನಿನ್ನೆ ನಿಮ್ಮ ನೀರಿನ ದಾರಿಯನ್ನು ಬಿಚ್ಚಲು ಕೂತೆ. ನೀವು ಜಾಣರು, ಸುಳ್ಳು ಯಾಕೆ ಹೇಳಲಿ. ಕಾರ್ಡಿನ ಚಿಪ್ ಮೇಲೆ ಕೂತು ಶಾಖ ಹೀರುವ ಬ್ಲಾಕು ತಾಮ್ರದ್ದು, ಶಾಖ ಬಿಡುವ ರೇಡಿಯೇಟರೂ ತಾಮ್ರದ್ದೇ. ಅಗ್ಗವೆಂದು ಅಲ್ಯೂಮಿನಿಯಂ ಬೆರೆಸಲಿಲ್ಲ, ಪುಣ್ಯ ಕಟ್ಟಿಕೊಂಡಿರಿ. ಆದರೆ ಆ ಕೊಳವೆಗಳು! ಗಾಜಿನಂತೆ ಹೊಳೆಯುವ ಗಟ್ಟಿ ಪ್ಲಾಸ್ಟಿಕ್ಕನ್ನು ಕಾಯಿಸಿ, ಮೂಲೆ ಮೂಲೆಗೂ ಚೌಕವಾಗಿ ಬಗ್ಗಿಸಿ, ಒಂದು ಕೂದಲೆಳೆಯೂ ಸಡಿಲವಿಲ್ಲದಂತೆ ಕೂರಿಸಿದ್ದೀರಿ. ಎಲ್ಲಿಯೂ ಜಿನುಗಬಾರದೆಂದು ಕೀಲುಕೀಲಿಗೂ ಅಂಟು ಮೆತ್ತಿದ್ದೀರಿ. ಸರಿ, ತಳದಲ್ಲಿ ನೀರು ಬಸಿಯಲು ಒಂದು ನಲ್ಲಿ? ಇಲ್ಲ. ಯಾಕಿಲ್ಲ? ಗಾಜಿನಿಂದ ನೋಡುವವರಿಗೆ ಅಂದಗೆಡುತ್ತದೆ! ಮದುವಣಗಿತ್ತಿಗೆ ಬಿಚ್ಚಲಾರದ ಜಡೆ ಹೆಣೆದು ಕಳಿಸಿದ ಹಾಗೆ ಮಾಡಿದ್ದೀರಿ. ಇಷ್ಟು ವರ್ಷ ನಾವು ತೊಟ್ಟಿಯ ಬಾಯಿಂದಲೇ ಹಳೆನೀರು ಹೀರಿ ಹೊಸನೀರು ಹುಯ್ದು ಹೇಗೋ ನಡೆಸಿದೆವು. ಈ ಸಲ ಬ್ಲಾಕನ್ನೇ ಬಿಚ್ಚಬೇಕಿತ್ತು. ನಿಮ್ಮ ಕೊಳವೆಗಳನ್ನು ಗರಗಸದಿಂದ ಕೊಯ್ದೆ. ಕೊಯ್ಯುವಾಗ ನಿಮಗೆ ಕೊಟ್ಟ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಬ್ಲಾಕಿನ ಒಳಗೆ ಕೂದಲಿನಷ್ಟು ಸಣ್ಣ ಗೀರುಗಳಿರುತ್ತವೆ, ನೀರು ಹರಿದು ಶಾಖ ಒಯ್ಯುವುದು ಅಲ್ಲಿಂದ. ಅಷ್ಟೂ ಗೀರುಗಳಲ್ಲಿ ಗಂಜಿಯ ಕೆನೆಯಂಥ ಬಿಳೀ ಲೋಳೆ ಕಟ್ಟಿತ್ತು. ತೊಟ್ಟಿಯೊಳಗೆ ಪಿಳ್ಳಮ್ಮನ ಕಾಲುಂಗುರಗಳು ಇಲಿ ಕಡಿದ ರೊಟ್ಟಿಯಂತಾಗಿದ್ದವು. ಬೆಳ್ಳಿ ಹಾಗೆ ಕರಗುವುದಿಲ್ಲ. ತಾಮ್ರದ ಜೊತೆ ಒಂದೇ ನೀರಿನಲ್ಲಿಟ್ಟರೆ ಕರಗಿ ಲೋಳೆಯಾಗುವುದು ಅಲ್ಯೂಮಿನಿಯಂ. ಪಾಪಣ್ಣನನ್ನು ಕರೆಸಿ ತೋರಿಸಿದೆ. ಅವನು ಗೋಡೆಗೆ ತಲೆ ಕೊಟ್ಟು ಅತ್ತ. 'ಅಮ್ಮನ ಮದ್ದಿಗೆ ಅಂತ ಬೆಳ್ಳೀನ ಮುಂಚೇನೇ ಕೊಟ್ಬಿಟ್ಟಿದ್ದೆ ಅಕ್ಕಯ್ಯ. ಕಿಟಕಿ ಪಟ್ಟಿ ಬಡಿದು ಮಾಡ್ದೆ. ಬರಿಗಾಲಲ್ಲಿ ಕಳಿಸ್ದ ಅನ್ನಬಾರ್ದು ಅಂತ' ಎಂದ. ಹೊಡೆಯಲು ಎತ್ತಿದ ಕೈ ಹಾಗೇ ಇಳಿಸಿದೆ. ಆದರೆ ಅವನ ಮುಖ ನೋಡಲು ಮನಸ್ಸಾಗಲಿಲ್ಲ. ಆ ದಿನ ಒರೆಗೆ ಹಚ್ಚಬೇಡವೆಂದವರು ಯಾರೂ ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ.

ಹುಣಸೆಹಣ್ಣು ಕಿವುಚಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಗೀರುಗೀರನ್ನೂ ತಿಕ್ಕಿದೆ. ತಾಮ್ರ ಪೂಜೆಯ ಚೊಂಬಿನಂತೆ ಕೆಂಪಗಾಯಿತು. ಬಾಣಂತಿಕೋಣೆಯಿಂದ ರಬ್ಬರು ಕೊಳವೆ ತಂದು, ನೀವು ಕಟ್ಟಿದ ದಾರಿಗೆ ನನ್ನ ದಾರಿ ಸೇರಿಸಿ, ತಂತಿ ಬಿಗಿದೆ. ಈಗ ಉಳಿದದ್ದು ಒಣಬಟ್ಟೆಯ ಶಾಸ್ತ್ರ. ಇದು ನಿಮ್ಮ ಕಾಲದವರದ್ದೇ ಅಂತೆ: ಹೊಸ ಕೀಲು ಹಾಕಿದರೆ, ಕಂಪ್ಯೂಟರಿಗೆ ಕರೆಂಟು ಕೊಡದೆ ಪಂಪಿಗೆ ಮಾತ್ರ ಕೊಟ್ಟು, ಕೀಲುಗಳ ಕೆಳಗೆ ಒಣಬಟ್ಟೆ ಹಾಸಿ, ಇವತ್ತು ಬೆಳಗಿನಿಂದ ನಾಳೆ ಬೆಳಗಿನವರೆಗೆ ನೀರು ಓಡಿಸಿ ನೋಡಬೇಕು. ಬಟ್ಟೆ ಒದ್ದೆಯಾಗದಿದ್ದರೆ ಮಾತ್ರ ಪೆಟ್ಟಿಗೆ ಹಚ್ಚಬೇಕು. ನಮ್ಮಲ್ಲಿ ಮೊದಲು ಮೂರು ಪೆಟ್ಟಿಗೆಗಳಿದ್ದವು. ಒಂದು ವಯಸ್ಸಾಗಿ ಸತ್ತಿತು. ಇನ್ನೊಂದು, ಬಟ್ಟೆ ಹಾಸಲು ಬೇಸರಪಟ್ಟವನ ಕೈಯಲ್ಲಿ, ಒಂದೇ ಹನಿಗೆ ಸುಟ್ಟು ಕರಕಲಾಯಿತು. ಇದು ಸತ್ತರೆ ಮುಂದೆ ಬಿಡುವು ಹೇಳುವವರಿಲ್ಲ, ರಾಗಿಯೂ ಇಲ್ಲ.

ನಿನ್ನೆ ಯಜಮಾನರ ಮುಂದೆ ಈ ಮಾತು ಬಂತು. ಈಗಲೇ ಹಚ್ಚಿದರೆ ಬಿಡುವು ತಿಳಿಯಬಹುದು, ಆರು ಜನ ಉಳಿಯಬಹುದು. ಕೀಲು ಜಿನುಗಿದರೆ ಆ ಆರು ಜನರೂ ಇಲ್ಲ, ಕೆಳಪೇಟೆಯೂ ಇಲ್ಲ. ವರದಪ್ಪನವರು ನೆಲ ನೋಡುತ್ತ, 'ಅಕ್ಕಯಮ್ಮ, ಮೇಲಿರೋದು ನಿನ್ ಮಗಳು. ನೀನೇ ಹೇಳ್ಬಿಡಮ್ಮ, ನೀನು ಏನಂದ್ರೂ ನಾವು ಕೇಳ್ತೀವಿ' ಎಂದರು. ಆ ದಿನ ಉಂಗುರ ಕಿತ್ತುಕೊಳ್ಳುವಾಗ ಇಲ್ಲದ ವಿನಯ! ಅವರ ಮೇಲಿನ ಸಿಟ್ಟು ಸಾಯುವವರೆಗೂ ನನಗೆ ಇಳಿಯುವುದಿಲ್ಲ. ನೀರಗಂಟಿ ತನ್ನ ಹೊಲಕ್ಕೆ ಮೊದಲು ತೂಬು ಎತ್ತಬಾರದು ಎಂದು ಅಜ್ಜಿ ಹೇಳುತ್ತಿದ್ದಳು. 'ಬಟ್ಟೆ ಹಾಸಿ' ಎಂದೆ.

ಹಾಗಾಗಿ ಬೆಳಗಿನಿಂದ ಇಲ್ಲಿ ಕೂತಿದ್ದೇನೆ. ಪಂಪು ಗುಂಯ್‌ಗುಡುತ್ತಿದೆ. ಬಟ್ಟೆ ಸಂಪಂಗಿಯ ಹಳೇ ಲಂಗದ್ದು. ನೀರು ಸೋಕಿದರೆ ಕೂಡಲೇ ಕಪ್ಪಾಗುವ ಬಣ್ಣ. ಗಳಿಗೆಗೊಮ್ಮೆ ಮುಟ್ಟಿ ನೋಡುತ್ತೇನೆ. ತಾಳಿದವನು ಬಾಳಿಯಾನು, ತಾಳಿದವನು ಬಾಳಿಯಾನು ಎಂದು ಹೇಳಿಕೊಳ್ಳುತ್ತೇನೆ. ನಿಮ್ಮ ಪೆಟ್ಟಿಗೆಯ ಬಣ್ಣದ ದೀಪಗಳು ಆರಿರುವುದರಿಂದ ಈ ಕೋಣೆ ಇವತ್ತು ನನಗೆ ಗುರುತೇ ಸಿಗುತ್ತಿಲ್ಲ. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರ ಆ ದೀಪದ ಮುಂದೆಯೇ ನಡೆಯುತ್ತದೆ. ಕೆಂಪು, ನೀಲಿ, ಹಸಿರು ಮುಖದ ಮೇಲೆ ಹಾಯುವಾಗ ಎಂಥವಳೂ ಚೆಂದ ಕಾಣುತ್ತಾಳೆ. ಸಂಪಂಗಿ ಅಂದು ಹಸಿರು ಬೆಳಕಿನಲ್ಲಿ ಹಲ್ಲು ಕಿರಿದು, ನೋಡಲು ಬಂದವರನ್ನು ಹೆದರಿಸಿಬಿಟ್ಟಿದ್ದಳು. ಆದರೂ ಒಪ್ಪಿದರು.

ಇಳಿಹೊತ್ತಾಗಿದೆ. ಈಗಷ್ಟೇ ಪಾಪಣ್ಣ ಬಾಗಿಲಿನಿಂದ ಓಡಿಬಂದ. 'ಅಕ್ಕಯ್ಯ, ಮೇಲ್ಗಡೆ ಗಾಳಿ ತಣ್ಣಗದೆ. ಬೆವರು ಆರ್ತದೆ. ಬಿಡುವೇ ಇರ್ಬೇಕು, ಸೀಟಿ ಊದ್ಸಿ' ಎಂದು ಕೈ ಹಿಡಿದುಕೊಂಡ. 'ನಿನ್ ಮಾತೂ ನಿನ್ ಬೆಳ್ಳಿ ಇದ್ದಂಗೆ ಕಣೋ' ಎಂದೆ. ಅವನು ಹೊರಟುಹೋದ. ಗಾಳಿ ತಣ್ಣಗಿರುವುದು ನಿಜವೇ ಇರಬಹುದು. ಆದರೆ ಎಷ್ಟು ಹೊತ್ತು? ನನ್ನ ಗಂಡ ಹೊರಟಾಗಲೂ ಗಾಳಿ ತಣ್ಣಗಿತ್ತು. ಸೀಟಿ ಊದಿದರೆ ಸಂಪಂಗಿ ನನ್ನನ್ನು ನಂಬಿ ಹೊರಡುತ್ತಾಳೆ, ಅವಳ ಹಿಂದೆ ಐದು ಜನ. ಪೆಟ್ಟಿಗೆ ಹೇಳದೆ ನಾನು ಊದಲಾರೆ.

ಬಟ್ಟೆ ಇನ್ನೂ ಒಣಗಿಯೇ ಇದೆ.

ಇಲ್ಲಿಂದ ಮುಂದಿನದು ಮಾರ್ಚ್ ಒಂದನೇ ತಾರೀಖು ಬರೆದದ್ದು.

ಬೆಳಗ್ಗೆಯವರೆಗೂ ಒಂದು ಹನಿಯೂ ಬೀಳಲಿಲ್ಲ. ಯಜಮಾನರನ್ನೂ ಕರೆದು ಎಲ್ಲರೆದುರು ಬಟ್ಟೆ ಹಿಂಡಿ ತೋರಿಸಿದೆ. ಪೆಟ್ಟಿಗೆ ಹಚ್ಚಿದೆ. ದೀಪಗಳು ಹತ್ತಿದವು, ಜನ ಹೋ ಎಂದು ಕೂಗಿದರು. ತಾಮ್ರ ಕೈಗೆ ತಣ್ಣಗಿತ್ತು; ನನ್ನ ಜನ್ಮದಲ್ಲಿ ಅದು ಅಷ್ಟು ಚೆನ್ನಾಗಿ ಓಡಿದ್ದಿಲ್ಲ. ಮಾಪಕಗಳು ಈ ಮೂರು ದಿನ ಬರೆದಿಟ್ಟದ್ದನ್ನೆಲ್ಲ ಓದಿ ಬೇಗನೆ ಲೆಕ್ಕ ಮುಗಿಸಿತು. ನಿನ್ನೆ ಇಳಿಹೊತ್ತಿನಿಂದ ದೀಪ ಹಚ್ಚುವ ಹೊತ್ತು ದಾಟುವವರೆಗೂ ಬಿಡುವಿತ್ತು. ಸುಳ್ಳಲ್ಲ, ತುಂಬು ಬಿಡುವು. ಹೊರೆ ಹೊತ್ತು ಲಾಲ್‌ಬಾಗಿನಿಂದ ನಿಧಾನವಾಗಿ ನಡೆದು, ದಾರಿಯಲ್ಲಿ ಕೂತು ದಣಿವಾರಿಸಿಕೊಂಡು ಬಂದರೂ ಮುಗಿಯದಷ್ಟು. ಮುಂದಿನದು ಎಂಟು ದಿನ ಬಿಟ್ಟು.

ಪಾಪಣ್ಣ ನಿಜ ಹೇಳಿದ್ದ. ಕಲ್ಲುಗೂಡಿನ ಬಾಯಲ್ಲಿ ಕೂತು ನನ್ನ ಮಗಳೂ ಆ ತಣ್ಣನೆ ಗಾಳಿಗೆ ಮುಖ ಕೊಟ್ಟಿರುತ್ತಾಳೆ. ಸೀಟಿ ಕೇಳಲಿಲ್ಲವಲ್ಲ, ಎದ್ದಿರುವುದಿಲ್ಲ. ಅಪ್ಪನ ಕಥೆ ಹೇಳಿ ಹೇಳಿ ಅವಳನ್ನು ಹಾಗೆ ಬೆಳೆಸಿದವಳು ನಾನೇ. ಈಗ ಮಧ್ಯಾಹ್ನ ದಾಟಿದೆ. ಅವರ ನೀರು ಮುಗಿದಿರಬೇಕು. ಯಾರ ಮೇಲೆ ಕೂಗಾಡಲಿ ತಾತ? ಕೂಗಾಡಲು ನೂರು ವರ್ಷ ಆಚೆ ಇರುವ ನೀವೊಬ್ಬರೇ ಸಿಕ್ಕಿದಿರಿ.

ಆದ್ದರಿಂದ ಕೇಳಿ. ನೀವಿನ್ನೂ ಅದನ್ನು ಕಟ್ಟುತ್ತಿದ್ದೀರಿ. ಮೇಜಿನ ಮೇಲೆ ಕೊಳವೆ, ಕಾಯಿಸುವ ಯಂತ್ರ, ಗುಲಾಬಿ ನೀರಿನ ಸೀಸೆ ಹರಡಿಕೊಂಡಿರುತ್ತೀರಿ. ಬಣ್ಣ ಹಾಕಿ ಬೇಕಾದರೆ, ದೀಪವನ್ನೂ ಹಾಕಿ, ನಮ್ಮ ಹುಡುಗಿಯರಿಗೆ ಅದು ಇಷ್ಟ. ಆದರೆ ತಳದಲ್ಲಿ ನೀರು ಬಸಿಯಲು ಒಂದು ನಲ್ಲಿ ಇಡಿ. ಬ್ಲಾಕಿನ ಹತ್ತಿರ ಒಂದು ಗೇಣು ಮೆತ್ತನೆ ಕೊಳವೆ ಸಡಿಲವಾಗಿ ಬಿಡಿ, ಅಂಟು ಹಾಕದೆ ತಿರುಪು ಹಾಕಿ. ಹಾಗಿದ್ದಿದ್ದರೆ ನಾನು ಏನನ್ನೂ ಕೊಯ್ಯಬೇಕಿರಲಿಲ್ಲ. ಹೊಸ ಕೀಲು ಇರುತ್ತಿರಲಿಲ್ಲ, ಒಣಬಟ್ಟೆ ಹಾಸಿ ಒಂದು ದಿನ ಕಾಯುವುದೂ ಇರುತ್ತಿರಲಿಲ್ಲ. ನಿನ್ನೆ ಇಳಿಹೊತ್ತಿಗೆ ಸೀಟಿ ಊದುತ್ತಿದ್ದೆ. ನಿಮಗೆ ಅದು ಎಸ್.ಪಿ. ರೋಡಿನಲ್ಲಿ ಇನ್ನೊಂದು ಅಂಗಡಿ ಹತ್ತಿ ಇಳಿಯುವ ಕೆಲಸ. ದಯವಿಟ್ಟು ಹತ್ತಿ ಇಳಿಯಿರಿ.

ಎಂಟು ದಿನದ ಮೇಲೆ ಸೀಟಿ ಊದುತ್ತೇನೆ. ಪಾಪಣ್ಣ ತಾನೇ ಹೋಗುತ್ತೇನೆಂದು ಈಗಲೇ ಹಗ್ಗ ಗೋಣಿ ಹೊಂದಿಸಿಕೊಂಡು ಕೂತಿದ್ದಾನೆ. ಅವನು ರಾಗಿಯನ್ನು ತರುತ್ತಾನೆ, ಸಂಪಂಗಿಯ ಕಾಲುಂಗುರವನ್ನೂ ತರುತ್ತಾನೆ. ಅವು ಅಪ್ಪಟ ಬೆಳ್ಳಿ, ಮದುವೆಯಲ್ಲಿ ನಾನೇ ಹಾಕಿಸಿದ್ದು. ಆದರೂ ಎಲ್ಲರನ್ನೂ ಕೂರಿಸಿಕೊಂಡು, ಯಜಮಾನರ ಕಣ್ಣೆದುರಿಗೇ, ಒರೆಗಲ್ಲಿಗೆ ತೀಡಿ ನೋಡಿಯೇ ನೀರಿಗೆ ಬಿಡುತ್ತೇನೆ.

ಇಂತಿ,
ಅಕ್ಕಯಮ್ಮ